ಕಚ್ಚುವ, ಕಿರುಚುವ ಸಾಕುಗಿಳಿ: ಕಾರಣ ಹುಡುಕುವ ಕ್ರಮ, ನಂಬಿಕೆ ಗಳಿಸುವ ದಾರಿ

ಗಿಳಿ ಕಚ್ಚುವುದನ್ನೂ ಕಿರುಚುವುದನ್ನೂ ಕೆಟ್ಟ ಬುದ್ಧಿ ಎಂದು ತೀರ್ಮಾನಿಸಿ ಅದನ್ನು ತಿದ್ದಲು ಹೊರಟ ಮನೆಗಳಲ್ಲಿ ಹಕ್ಕಿ ದಿನದಿಂದ ದಿನಕ್ಕೆ ಇನ್ನಷ್ಟು ದೂರವಾಗುತ್ತದೆ. ಕಚ್ಚುವ ಮೊದಲು ಅದು ಹಿಂದೆ ಸರಿದಿರುತ್ತದೆ, ಮೈಯನ್ನು ಬಿಗಿ ಹಿಡಿದಿರುತ್ತದೆ, ಕುತ್ತಿಗೆಯ ಪುಕ್ಕಗಳನ್ನು ನಿಮಿರಿಸಿರುತ್ತದೆ, ಮುಖ ತಿರುಗಿಸಿರುತ್ತದೆ. ಈ ಮೆಲುಮಾತುಗಳಿಗೆ ಯಾರೂ ಬೆಲೆ ಕೊಡುವುದಿಲ್ಲ ಎಂದು ಅನುಭವದಿಂದ ಕಲಿತ ಮೇಲೆ ಅದು ಅವನ್ನೆಲ್ಲ ಬಿಟ್ಟು ನೇರವಾಗಿ ಕೊಕ್ಕನ್ನು ಬಳಸುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಕಚ್ಚುವುದನ್ನು ನಿಲ್ಲಿಸುವ ತಂತ್ರಕ್ಕಿಂತ, ಕಚ್ಚುವ ಅಗತ್ಯವೇ ಬೀಳದಂತೆ ಮಾಡುವ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಬೇರೊಂದು ಮನೆಯಲ್ಲಿ ನಾಲ್ಕು ವರ್ಷ ಬೆಳೆದು ನಮ್ಮಲ್ಲಿಗೆ ಬಂದ ಸನ್ ಕಾನ್ಯೂರ್ ಜಾತಿಯ ಗಿಳಿಯೊಂದರ ಜೊತೆ ನಾನು ಕಲಿತದ್ದೇ ಇದರ ಬಹುಪಾಲು.

ಇಲ್ಲಿ ಹೇಳುವುದು ನಮ್ಮ ನಗರಗಳ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ವಿದೇಶಿ ಮೂಲದ ಗಿಳಿಗಳ ಬಗ್ಗೆ: ಸನ್ ಕಾನ್ಯೂರ್, ಗ್ರೀನ್ ಚೀಕ್ ಕಾನ್ಯೂರ್, ಕಾಕಟೀಲ್, ಆಫ್ರಿಕನ್ ಗ್ರೇ, ಮತ್ತು ಅಂಗಡಿಗಳಲ್ಲಿ ತಪ್ಪಾಗಿ ‘ಲವ್ ಬರ್ಡ್ಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಬಡ್ಜರಿಗರ್. ನಮ್ಮ ತೋಟ, ಬೀದಿಮರಗಳಲ್ಲಿ ಹಾರಾಡುವ, ಕೊರಳಲ್ಲಿ ಗುಲಾಬಿ ಉಂಗುರವಿರುವ ಹಸಿರು ಗಿಳಿಯನ್ನಾಗಲಿ ಅದರ ದೊಡ್ಡ ಬಂಧುವಾದ ಅಲೆಕ್ಸಾಂಡ್ರಿನ್ ಗಿಳಿಯನ್ನಾಗಲಿ ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಹಕ್ಕಿಯನ್ನು ಪಳಗಿಸುವ ಪ್ರಶ್ನೆಯೇ ಏಳುವುದಿಲ್ಲ. ಅದನ್ನು ಅರಣ್ಯ ಇಲಾಖೆಗೆ ಅಥವಾ ಬೆಂಗಳೂರಿನ ಕೆಂಗೇರಿಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಂಥ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಬೇಕು. ಮರದಲ್ಲಿ ಬೆಳೆದು ಬಲೆಗೆ ಬಿದ್ದ ಹಕ್ಕಿಗೆ ಕಚ್ಚಲು ಇರುವ ಕಾರಣವನ್ನು ಯಾವ ತರಬೇತಿಯೂ ಅಳಿಸಲಾರದು.

ಯಾವ ಲಕ್ಷಣವೇ ಇರಲಿ, ಮೊದಲು ಮಾಡಬೇಕಾದ ಮೂರು ಪರೀಕ್ಷೆಗಳು

ಮೊದಲನೆಯದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ ಮಾತ್ರ. ಒಂದು ವಾರ, ಹಕ್ಕಿ ಕಚ್ಚಿದಾಗ ಅಥವಾ ಬಿಡದೆ ಕಿರುಚಿದಾಗಲೆಲ್ಲ ನಾಲ್ಕು ಸಂಗತಿಗಳನ್ನು ಬರೆದಿಡಿ: ಗಂಟೆ ಎಷ್ಟು, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯಿತು, ಹಕ್ಕಿ ಏನು ಮಾಡಿತು, ಆಮೇಲೆ ನೀವು ಏನು ಮಾಡಿದಿರಿ. ಕೊನೆಯ ಸಂಗತಿಯನ್ನು ಬರೆಯಲು ಮನಸ್ಸು ಒಪ್ಪುವುದಿಲ್ಲ, ಆದರೆ ಬಹಳಷ್ಟು ಸಲ ಉತ್ತರ ಅಲ್ಲಿಯೇ ಇರುತ್ತದೆ. ಕಿರುಚಿದಾಗ ನೀವು ಓಡಿ ಬಂದಿದ್ದರೆ ಕಿರುಚುವುದರಿಂದ ಫಲವಿದೆ ಎಂದು ಅದು ಕಲಿತಿದೆ. ಕಚ್ಚಿದಾಗ ಅದನ್ನು ಪಂಜರಕ್ಕೆ ಸೇರಿಸಿದ್ದರೆ, ಪಂಜರಕ್ಕೆ ಹೋಗಬೇಕೆನಿಸಿದಾಗ ಕಚ್ಚಿದರೆ ಸಾಕು ಎಂದು ಕಲಿತಿದೆ.

ಎರಡನೆಯದು ನಿದ್ದೆ. ಗಿಳಿಗಳಿಗೆ ದಿನಕ್ಕೆ ಹತ್ತರಿಂದ ಹನ್ನೆರಡು ಗಂಟೆಗಳಷ್ಟು ಕತ್ತಲೆಯ, ಸದ್ದಿಲ್ಲದ ವಿಶ್ರಾಂತಿ ಬೇಕು. ಹಜಾರದ ಟಿವಿ ರಾತ್ರಿ ಹನ್ನೊಂದರವರೆಗೆ ಉರಿಯುವ ಮನೆಯಲ್ಲಿ, ಪಂಜರಕ್ಕೆ ಬಟ್ಟೆ ಹೊದಿಸಿದ್ದರೂ ಹಕ್ಕಿ ಮಲಗಿರುವುದಿಲ್ಲ. ರಾತ್ರಿಗೆಂದು ಬೇರೊಂದು ಕೋಣೆಯಲ್ಲಿ ಚಿಕ್ಕ ಪಂಜರವನ್ನು ಇಟ್ಟು, ಸಂಜೆ ಏಳೂವರೆಯ ಹೊತ್ತಿಗೆ ಅಲ್ಲಿಗೆ ಸಾಗಿಸುವ ಒಂದೇ ಬದಲಾವಣೆಯಿಂದ ನಮ್ಮ ಕಾನ್ಯೂರಿನ ಸಂಜೆಯ ಸಿಡಿಮಿಡಿ ಎರಡು ವಾರಗಳಲ್ಲಿ ಅರ್ಧಕ್ಕೆ ಇಳಿಯಿತು.

ಮೂರನೆಯದು ತೂಕ. ಒಂದು ಗ್ರಾಂ ನಿಖರತೆಯ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಕೂರುಗೋಲೊಂದನ್ನು ಇಟ್ಟು, ಬೆಳಗ್ಗೆ ತಿನ್ನುವ ಮುಂಚೆ ತೂಗಿ ಬರೆದಿಡಿ. ಗಿಳಿಗಳು ಬೇಟೆಗೆ ಗುರಿಯಾಗುವ ಜೀವಿಗಳಾದ್ದರಿಂದ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಹೊರಗೆ ಏನೂ ಕಾಣದಿದ್ದಾಗಲೂ ತಕ್ಕಡಿ ನಿಜ ಹೇಳುತ್ತದೆ. ಸುಮಾರು 100 ಗ್ರಾಂ ತೂಗುವ ಸನ್ ಕಾನ್ಯೂರ್ 10 ಗ್ರಾಂ ಕಳೆದುಕೊಳ್ಳುವುದೆಂದರೆ 60 ಕಿಲೋ ತೂಕದ ಮನುಷ್ಯ 6 ಕಿಲೋ ಇಳಿದಂತೆ. ತೂಕ ಹತ್ತನೇ ಒಂದು ಭಾಗದಷ್ಟು ಇಳಿದಿದ್ದರೆ ಮುಂದಿನ ಯಾವ ವಿಭಾಗವನ್ನೂ ಓದುತ್ತ ಕೂರದೆ ಪಕ್ಷಿಗಳನ್ನು ನೋಡುವ ಪಶುವೈದ್ಯರ ಬಳಿಗೆ ಹೋಗಿ.

ಲಕ್ಷಣ: ನಿನ್ನೆಮೊನ್ನೆಯವರೆಗೆ ಸರಿಯಾಗಿದ್ದ ಹಕ್ಕಿ ಇದ್ದಕ್ಕಿದ್ದಂತೆ ಕಚ್ಚತೊಡಗಿದೆ, ಅಥವಾ ಇದ್ದಕ್ಕಿದ್ದಂತೆ ಮೌನವಾಗಿದೆ

ಸ್ವಭಾವ ಹೀಗೆ ಹಠಾತ್ತಾಗಿ ಬದಲಾದರೆ ಅದನ್ನು ದೇಹದ ದೂರು ಎಂದೇ ಮೊದಲು ಎಣಿಸಬೇಕು. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿ ಹಿಕ್ಕೆಯನ್ನು ಗಮನಿಸಿ. ಆರೋಗ್ಯವಂತ ಗಿಳಿಯ ಹಿಕ್ಕೆಯಲ್ಲಿ ಹಸಿರು ಅಥವಾ ಕಂದು ಬಣ್ಣದ ಗಟ್ಟಿಭಾಗ, ಬಿಳಿಯ ಸುಣ್ಣದಂಥ ಭಾಗ ಮತ್ತು ಸ್ವಲ್ಪ ತಿಳಿನೀರು ಬೇರೆ ಬೇರೆಯಾಗಿ ಕಾಣುತ್ತವೆ. ಪಪ್ಪಾಯಿ, ದಾಳಿಂಬೆ, ಬೀಟ್‌ರೂಟ್ ತಿಂದ ದಿನ ಬಣ್ಣ ಬದಲಾಗುವುದು ಸಹಜ. ಆಹಾರ ಬದಲಾಗದಿದ್ದರೂ ಬಿಳಿಯ ಭಾಗ ಹಳದಿ ಅಥವಾ ಹಸಿರಾದರೆ, ಇಡೀ ಹಿಕ್ಕೆ ನೀರಾಗಿ ಒಂದು ದಿನಕ್ಕಿಂತ ಹೆಚ್ಚು ಹಾಗೆಯೇ ಇದ್ದರೆ, ರಕ್ತದ ಕಲೆ ಕಂಡರೆ, ಅದು ವೈದ್ಯರಿಗೆ ತೋರಿಸಬೇಕಾದ ಸಂಗತಿ.

ಹೊಸ ಪುಕ್ಕ ಬರುವ ಕಾಲವೂ ಇಂಥದೇ ಬದಲಾವಣೆ ತರುತ್ತದೆ. ತಲೆ ಮತ್ತು ಕುತ್ತಿಗೆಯ ಮೇಲೆ ಮುಳ್ಳಿನಂಥ ಸಣ್ಣ ಕೊಳವೆಗಳು ಎದ್ದಿದ್ದರೆ ಅವು ಇನ್ನೂ ಬಿಚ್ಚಿಕೊಳ್ಳದ ಪುಕ್ಕಗಳು. ಬೆಳೆಯುತ್ತಿರುವಾಗ ಅವುಗಳೊಳಗೆ ರಕ್ತ ಹರಿಯುತ್ತಿರುತ್ತದೆ, ಒತ್ತಿದರೆ ನೋಯುತ್ತದೆ. ನಿನ್ನೆ ತಲೆ ಬಗ್ಗಿಸಿ ಕೆರೆಯಿರೆಂದು ಕೇಳುತ್ತಿದ್ದ ಹಕ್ಕಿ ಇಂದು ಅದೇ ಬೆರಳನ್ನು ಕಚ್ಚುವುದು ಈ ನೋವಿಗಾಗಿ. ಉಗುರುಬೆಚ್ಚಗಿನ ನೀರಿನ ತುಂತುರು ಸ್ನಾನ ಮಾಡಿಸಿ, ಕೆಲವು ವಾರ ಕೆರೆಯುವುದನ್ನು ಕಡಿಮೆ ಮಾಡಿದರೆ ಇದು ತಾನಾಗಿ ಕಳೆಯುತ್ತದೆ.

ಲಕ್ಷಣ: ಸೂರ್ಯ ಹುಟ್ಟುವಾಗ ಮತ್ತು ಮುಳುಗುವಾಗ ಕಿರುಚುತ್ತದೆ

ಇದು ದೋಷವಲ್ಲ. ಕಾಡಿನ ಗಿಳಿಗಳು ಬೆಳಗ್ಗೆ ಮೇವಿಗೆ ಹೊರಡುವಾಗಲೂ ಸಂಜೆ ಮರ ಸೇರುವಾಗಲೂ ಗುಂಪುಗುಂಪಾಗಿ ಕೂಗುತ್ತವೆ. ಯಾವುದೇ ಊರಿನ ಹಳೆಯ ಆಲದ ಮರದ ಕೆಳಗೆ ಸಂಜೆ ನಿಂತವರಿಗೆ ಆ ಗದ್ದಲ ಗೊತ್ತು. ಹತ್ತು ಹದಿನೈದು ನಿಮಿಷಗಳಲ್ಲಿ ತಾನಾಗಿ ಇಳಿಯುವ ಕೂಗನ್ನು ಹಾಗೆಯೇ ಬಿಡಿ. ಸನ್ ಕಾನ್ಯೂರ್ ಜಾತಿಯ ದನಿಯಂತೂ ಗಾತ್ರಕ್ಕೆ ಮೀರಿದ್ದು. ಗೋಡೆ ಹಂಚಿಕೊಂಡ ಅಪಾರ್ಟ್‌ಮೆಂಟಿನಲ್ಲಿರುವವರು ಇದನ್ನು ಹಕ್ಕಿ ತರುವ ಮುನ್ನವೇ ಯೋಚಿಸಬೇಕಿತ್ತು, ಈಗ ಹಕ್ಕಿಯನ್ನು ದೂರಿ ಫಲವಿಲ್ಲ. ಆ ಹೊತ್ತಿಗೆ ಸರಿಯಾಗಿ ಸ್ನಾನ, ಆಟ ಅಥವಾ ಹುಡುಕಿ ತಿನ್ನುವ ಮೇವನ್ನು ಒದಗಿಸಿದರೆ ಗದ್ದಲ ಸ್ವಲ್ಪ ತಗ್ಗುತ್ತದೆ, ನಿಲ್ಲುವುದಿಲ್ಲ.

ಲಕ್ಷಣ: ನೀವು ಕೋಣೆಯಿಂದ ಹೊರಬಿದ್ದ ಕೂಡಲೇ ಕಿರುಚುತ್ತದೆ

ಕಣ್ಣಿಗೆ ಕಾಣದ ಸಂಗಾತಿಯನ್ನು ‘ಎಲ್ಲಿದ್ದೀಯ?’ ಎಂದು ಕೂಗಿ ಕೇಳುವುದು, ಆ ಕಡೆಯಿಂದ ‘ಇಲ್ಲಿದ್ದೇನೆ’ ಎಂಬ ಮರುಕೂಗನ್ನು ನಿರೀಕ್ಷಿಸುವುದು ಗಿಳಿಗಳ ಹುಟ್ಟುಗುಣ. ಮನೆಯಲ್ಲಿ ಮೊದಮೊದಲು ಅದು ಮೆಲ್ಲಗೆ ಕೇಳುತ್ತದೆ, ಉತ್ತರ ಬರುವುದಿಲ್ಲ. ದನಿ ಏರಿಸುತ್ತದೆ, ಆಗಲೂ ಬರುವುದಿಲ್ಲ. ಕೊನೆಗೆ ಕಿವಿಗಡಚಿಕ್ಕುವಂತೆ ಕಿರುಚಿದಾಗ ಅಡುಗೆಮನೆಯಿಂದ ಯಾರೋ ‘ಸುಮ್ಮನಿರು!’ ಎಂದು ಕೂಗುತ್ತಾರೆ. ಹಕ್ಕಿಯ ಪಾಲಿಗೆ ಅದೇ ಮರುಕೂಗು. ಹೀಗೆ ಮೆಲುದನಿಗೆ ಬೆಲೆಯಿಲ್ಲ, ಕಿರುಚಿದರೆ ಮಾತ್ರ ಉತ್ತರವಿದೆ ಎಂಬ ಪಾಠವನ್ನು ನಾವೇ, ತಿಳಿಯದೆ, ಶ್ರದ್ಧೆಯಿಂದ ಕಲಿಸಿರುತ್ತೇವೆ.

ಪರಿಹಾರ ಈ ಪಾಠವನ್ನು ತಿರುಗಿಸುವುದರಲ್ಲಿದೆ. ಹಕ್ಕಿಗೆ ಈಗಾಗಲೇ ಬರುವ ಒಂದು ಹಿತವಾದ ಸದ್ದನ್ನು ಆರಿಸಿಕೊಳ್ಳಿ, ಅದು ಸಿಳ್ಳೆಯಾಗಲಿ, ‘ಬಾ ಬಾ’ ಎಂಬ ಪದವಾಗಲಿ, ನಾಲಿಗೆಯ ಟಕ್ ಸದ್ದಾಗಲಿ. ಕೋಣೆಯಿಂದ ಹೊರಡುವಾಗ ನೀವೇ ಮೊದಲು ಅದನ್ನು ಹೇಳಿ, ಕೆಲವೇ ಸೆಕೆಂಡು ಮರೆಯಾಗಿ, ಹಕ್ಕಿ ಕಿರುಚುವ ಮುನ್ನವೇ ಹಿಂದಿರುಗಿ. ಮರೆಯಾಗುವ ಸಮಯವನ್ನು ಐದು ಸೆಕೆಂಡಿನಿಂದ ಹದಿನೈದಕ್ಕೆ, ಅರ್ಧ ನಿಮಿಷಕ್ಕೆ, ಎರಡು ನಿಮಿಷಕ್ಕೆ ದಿನಗಳ ಲೆಕ್ಕದಲ್ಲಿ ಏರಿಸಿ. ಅದು ಆ ಸದ್ದಿನಿಂದ ಕರೆದಾಗಲೆಲ್ಲ, ಕೈಯಲ್ಲಿ ಯಾವ ಕೆಲಸವಿದ್ದರೂ, ಅದೇ ಸದ್ದಿನಿಂದ ಉತ್ತರಿಸಿ. ಕಿರುಚಿದಾಗ ಮಾತ್ರ ನೋಟ, ಮಾತು, ಹೆಜ್ಜೆಯ ಸದ್ದು ಯಾವುದೂ ಬೇಡ. ಕಿರುಚು ನಿಂತು ಕೆಲವು ಸೆಕೆಂಡುಗಳಾದ ಮೇಲೆ ಒಳಗೆ ಬನ್ನಿ.

ಇಲ್ಲಿ ಬಹಳ ಮಂದಿ ಸೋಲುವ ಒಂದು ತಿರುವಿದೆ. ಇಷ್ಟು ದಿನ ಫಲ ಕೊಟ್ಟ ಕಿರುಚಾಟ ಈಗ ಕೊಡದಿದ್ದಾಗ ಹಕ್ಕಿ ಅದನ್ನು ಬಿಡುವ ಬದಲು ಮೊದಲು ಇಮ್ಮಡಿಗೊಳಿಸುತ್ತದೆ. ಆ ಕೆಲವು ದಿನ ಮನೆಯವರೆಲ್ಲ ಗಟ್ಟಿಯಾಗಿದ್ದರೆ ಅದು ಇಳಿಯುತ್ತದೆ. ಐದನೇ ದಿನ ಒಬ್ಬರು ತಾಳಲಾರದೆ ಹೋಗಿ ಬೈದರೂ ಸರಿ, ಮುದ್ದಿಸಿದರೂ ಸರಿ, ಇನ್ನೂ ಹೆಚ್ಚು ಹೊತ್ತು ಕಿರುಚಬೇಕು ಎಂಬುದನ್ನು ಅದು ಕಲಿತುಬಿಡುತ್ತದೆ. ಆದ್ದರಿಂದ ಆರಂಭಿಸುವ ಮುನ್ನ ಮನೆಯ ಎಲ್ಲರನ್ನೂ ಕೂರಿಸಿ ಒಪ್ಪಿಸಿಕೊಳ್ಳಿ, ಪಕ್ಕದ ಮನೆಯವರಿಗೂ ಮೊದಲೇ ಒಂದು ಮಾತು ಹೇಳಿ. ಬರೀ ಕಡೆಗಣಿಸುವುದು ಈ ವಿಧಾನದ ಅರ್ಧ ಭಾಗ ಮಾತ್ರ. ಮೆಲುದನಿಗೆ ಉತ್ತರ ಕೊಡುವ ಇನ್ನರ್ಧವನ್ನು ಬಿಟ್ಟರೆ, ಉಳಿಯುವುದು ಒಂಟಿ ಹಕ್ಕಿಗೆ ಕೊಟ್ಟ ಶಿಕ್ಷೆ.

ಲಕ್ಷಣ: ಹೊತ್ತುಗೊತ್ತಿಲ್ಲದೆ ಹಗಲಿಡೀ ಕಿರುಚುತ್ತದೆ

ಹಕ್ಕಿಯ ಕಣ್ಣಿನ ಎತ್ತರಕ್ಕೆ ಬಗ್ಗಿ ಅದು ಏನನ್ನು ನೋಡುತ್ತಿದೆ ಎಂದು ನೋಡಿ. ಇದಕ್ಕೆ ಕಾಸು ಖರ್ಚಿಲ್ಲ. ನಮ್ಮದು ಬಾಲ್ಕನಿಯ ಬಳಿ ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ಅರಚುತ್ತಿತ್ತು, ಒಳ ಕೋಣೆಯಲ್ಲಿ ಸುಮ್ಮನಿರುತ್ತಿತ್ತು. ಟಿಪ್ಪಣಿ ಬರೆಯತೊಡಗಿದ ನಾಲ್ಕನೇ ದಿನ ಕಾರಣ ತಿಳಿಯಿತು: ಬೆಂಗಳೂರಿನ ಆಕಾಶದಲ್ಲಿ ಬಿಸಿಲೇರಿದಾಗ ಸುತ್ತುವ ಹದ್ದುಗಳು. ನಾವು ಗಾಳಿ ಬೆಳಕಿಗೆಂದು ನಾಲ್ಕೂ ಕಡೆ ತೆರೆದಿದ್ದ ಜಾಗ ಅದಕ್ಕೆ ಅಡಗಲು ಮರೆಯಿಲ್ಲದ ಬಯಲಾಗಿತ್ತು. ಪಂಜರದ ಒಂದು ಬದಿ ಗೋಡೆಗೆ ಒರಗಿ, ಮೇಲ್ಭಾಗದ ಸ್ವಲ್ಪ ಜಾಗಕ್ಕೆ ಮರೆ ಇದ್ದು, ಮನೆಯವರು ಓಡಾಡುವುದು ಕಾಣುವಂತಿದ್ದರೆ ಹೆಚ್ಚಿನ ಗಿಳಿಗಳು ನೆಮ್ಮದಿಯಾಗಿರುತ್ತವೆ.

ಹೆದರಿಕೆ ಕಾರಣವಲ್ಲದಿದ್ದರೆ ಬೇಸರವನ್ನು ಶಂಕಿಸಿ. ಕಾಡಿನ ಗಿಳಿ ದಿನದ ಬಹುಭಾಗವನ್ನು ಆಹಾರ ಹುಡುಕುವುದರಲ್ಲಿ, ಸಿಪ್ಪೆ ಸುಲಿಯುವುದರಲ್ಲಿ ಕಳೆಯುತ್ತದೆ. ಪಂಜರದ ಬಟ್ಟಲಿನ ಮುಂದೆ ಆ ಕೆಲಸ ಹತ್ತು ನಿಮಿಷಕ್ಕೆ ಮುಗಿದು, ಉಳಿದ ಹಗಲೆಲ್ಲ ಬರಿದಾಗಿರುತ್ತದೆ. ಮೇವನ್ನು ಕಾಗದದಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿ ಅಡಗಿಸಿ, ಸಿಪ್ಪೆಸಹಿತ ಎಳೆ ಜೋಳದ ತೆನೆಯಾಗಿ ಕೊಡಿ. ನಮ್ಮ ನಾಡಿನಲ್ಲಿ ಇದಕ್ಕೆ ದುಬಾರಿ ಆಟಿಕೆಗಳ ಅಗತ್ಯವಿಲ್ಲ. ಬಣ್ಣ ಬಳಿಯದ ಅಡಿಕೆ ಹಾಳೆ, ನಾರು ತೆಗೆದ ತೆಂಗಿನ ಕರಟ, ಔಷಧಿ ಸಿಂಪಡಿಸದ ಸೀಬೆಯ ಕೊಂಬೆ ಕಚ್ಚಿ ಸೀಳಲು ಬಲು ಚೆನ್ನಾಗಿ ಒದಗುತ್ತವೆ. ಅಂಗಡಿಯಲ್ಲಿ ವಿದೇಶಿ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರುವ ತೆನೆ ನಮ್ಮ ಬಯಲುಸೀಮೆಯ ನವಣೆಯೇ. ಬಿಡಿ ಎಳೆಗಳ ಹಗ್ಗ, ಸತು ಲೇಪಿಸಿದ ಅಗ್ಗದ ತಂತಿ ಮತ್ತು ಗೆಜ್ಜೆಗಳನ್ನು ಪಂಜರದಿಂದ ದೂರವಿಡಿ. ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಸತು ಮತ್ತು ಸೀಸ ಹೊಟ್ಟೆಗೆ ಹೋದರೆ ವಿಷ.

ಲಕ್ಷಣ: ಹೊರಗೆ ಸೌಮ್ಯವಾಗಿರುತ್ತದೆ, ಪಂಜರದೊಳಗೆ ಕೈ ಹಾಕಿದರೆ ಕಚ್ಚುತ್ತದೆ

ಇದು ತನ್ನ ಮನೆಯ ಕಾವಲು. ನೀರು ಮತ್ತು ಮೇವಿನ ಬಟ್ಟಲುಗಳನ್ನು ಹೊರಗಿನಿಂದಲೇ ಬದಲಿಸಬಹುದಾದ ಪಂಜರವಿದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಇಲ್ಲದಿದ್ದರೆ ಹಕ್ಕಿ ಹೊರಗಿರುವಾಗ ಮಾತ್ರ ಒಳಗೆ ಶುಚಿಮಾಡಿ. ಬಾಗಿಲು ತೆರೆದು ಅದು ತಾನಾಗಿ ಹೊರಬರಲು ಬಿಡಿ. ಒಳಗಿನಿಂದ ಹಿಡಿದು ತೆಗೆಯುವ ಪದ್ಧತಿಯನ್ನು ಪೂರ್ತಿಯಾಗಿ ಕೈಬಿಡಿ.

ಲಕ್ಷಣ: ಕೈ ಕಂಡರೆ ಸಾಕು, ಮೂಲೆಗೆ ಸರಿಯುತ್ತದೆ, ಹತ್ತಿರ ಹೋದರೆ ಕಚ್ಚುತ್ತದೆ

ಬೇರೆ ಮನೆಯಿಂದ ಬಂದ ಹಕ್ಕಿಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ, ಸಮಯ ಬೇಡುವುದೂ ಇದೇ. ಅಂಥ ಹಕ್ಕಿಯ ಅನುಭವದಲ್ಲಿ ಕೈ ಎಂದರೆ ಬಲೆ, ಹಿಡಿತ, ಹಾರದಂತೆ ರೆಕ್ಕೆಯ ಗರಿ ಕತ್ತರಿಸುವ ಕತ್ತರಿ. ಅದರಲ್ಲೂ ರೆಕ್ಕೆ ಕತ್ತರಿಸಿದ ಹಕ್ಕಿಗೆ ಹಾರಿ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಓಡಲು ಬಾರದವನಿಗೆ ಹೊಡೆದಾಟವೊಂದೇ ಉಳಿಯುವಂತೆ, ಅದಕ್ಕೆ ಕೊಕ್ಕೊಂದೇ ಉಳಿಯುತ್ತದೆ. ಹೀಗಾಗಿ ಕಚ್ಚುವುದನ್ನು ತಡೆಯಲೆಂದು ರೆಕ್ಕೆ ಕತ್ತರಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಮೊದಲ ಹಂತದಲ್ಲಿ ಕೈಯನ್ನು ಬಳಸಲೇಬೇಡಿ. ಹಕ್ಕಿ ಹಿಂದೆ ಸರಿಯದಷ್ಟು ದೂರ ಎಷ್ಟೆಂದು ಅಳೆದುಕೊಳ್ಳಿ. ನಮ್ಮದಕ್ಕೆ ಅದು ಸುಮಾರು ಆರು ಅಡಿ ಇತ್ತು. ಆ ಗೆರೆಯ ಆಚೆ ಕುಳಿತು, ಪಕ್ಕಕ್ಕೆ ತಿರುಗಿ, ನೇರವಾಗಿ ದಿಟ್ಟಿಸದೆ ಪುಸ್ತಕ ಓದಿ, ಮೆಲ್ಲಗೆ ಮಾತಾಡಿ. ಎದ್ದು ಹೋಗುವಾಗ ಬಟ್ಟಲಿಗೆ ಅದರ ಮೆಚ್ಚಿನ ತಿನಿಸನ್ನು ಹಾಕಿ ಹೊರಟುಬಿಡಿ. ಮೆಚ್ಚಿನದು ಯಾವುದೆಂದು ತಿಳಿಯಲು ಸೂರ್ಯಕಾಂತಿ ಬೀಜ, ಉಪ್ಪಿಲ್ಲದ ಬಾದಾಮಿ ಚೂರು, ನವಣೆ ತೆನೆ, ದಾಳಿಂಬೆ ಕಾಳುಗಳನ್ನು ಒಟ್ಟಿಗೆ ಇಟ್ಟು, ಮೊದಲು ಯಾವುದಕ್ಕೆ ಕೊಕ್ಕು ಹಾಕುತ್ತದೆ ಎಂದು ನೋಡಿ. ಆ ದಿನದಿಂದ ಅದನ್ನು ಸಾಮಾನ್ಯ ಊಟದಿಂದ ತೆಗೆದು ಈ ಕೆಲಸಕ್ಕೆ ಮಾತ್ರ ಮೀಸಲಿಡಿ. ಹಸಿವಿನಿಂದ ಬಳಲಿಸಿ ಪಳಗಿಸುವ ಕ್ರಮ ಕ್ರೂರವೂ ಹೌದು, ಅಪಾಯಕಾರಿಯೂ ಹೌದು. ದಿನದ ಊಟ ಪೂರ್ತಿ ಸಿಗಬೇಕು.

ದಿನಗಳು ಕಳೆದಂತೆ ದೂರ ತಾನಾಗಿ ಕುಗ್ಗುತ್ತದೆ. ಪಂಜರದ ಸರಳಿನ ನಡುವಿನಿಂದ ತಿನಿಸನ್ನು ಮೈ ಸಡಿಲವಾಗಿಟ್ಟುಕೊಂಡು ತೆಗೆದುಕೊಳ್ಳುವ ದಿನ ಬಂದಾಗ ಒಂದು ಬಿದಿರು ಕಡ್ಡಿಯನ್ನು ಪರಿಚಯಿಸಿ. ಕಡ್ಡಿಯ ತುದಿಯನ್ನು ಒಂದೆರಡು ಅಂಗುಲ ದೂರದಲ್ಲಿ ಹಿಡಿದರೆ ಕುತೂಹಲದಿಂದ ಕೊಕ್ಕು ತಾಗಿಸುತ್ತದೆ. ತಾಗಿಸಿದ ಕ್ಷಣದಲ್ಲೇ ‘ಭೇಷ್’ ಎಂಬ ಒಂದೇ ಪದ ಹೇಳಿ ತಿನಿಸು ಕೊಡಿ. ಮೂರರಿಂದ ಐದು ನಿಮಿಷದಂತೆ ದಿನಕ್ಕೆ ಎರಡು ಸಲ ಸಾಕು. ಹಕ್ಕಿಗೆ ಇನ್ನೂ ಬೇಕೆನ್ನಿಸುವಾಗಲೇ ನಿಲ್ಲಿಸಬೇಕು. ಕಡ್ಡಿಯ ಹಿಂದೆ ಒಂದು ಹೆಜ್ಜೆ, ಎರಡು ಹೆಜ್ಜೆ, ಬಾಗಿಲವರೆಗೆ, ಹೊರಗಿನ ಕೂರುಗೋಲಿನವರೆಗೆ ನಡೆಯಲು ಕಲಿತ ಹಕ್ಕಿಯನ್ನು ಮುಟ್ಟದೆಯೇ ಎಲ್ಲಿ ಬೇಕಾದರೂ ಕರೆದೊಯ್ಯಬಹುದು. ಇನ್ನು ಮೇಲೆ ಕಚ್ಚಿಸಿಕೊಳ್ಳುವ ಸಂದರ್ಭವೇ ಕಡಿಮೆಯಾಗುತ್ತದೆ ಎಂಬುದು ಇದರ ದೊಡ್ಡ ಲಾಭ, ಏಕೆಂದರೆ ಕಚ್ಚಿ ಗೆದ್ದ ಪ್ರತಿ ಸಲವೂ ಆ ಅಭ್ಯಾಸ ಗಟ್ಟಿಯಾಗುತ್ತದೆ.

ಕೈಯ ಸರದಿ ಕೊನೆಗೆ ಬರುತ್ತದೆ. ಒಂದು ಕೈಯನ್ನು ಅಲುಗಾಡಿಸದೆ ಕೂರುಗೋಲಿನ ಪಕ್ಕಕ್ಕೆ ಸೇತುವೆಯಂತೆ ಹಿಡಿದು, ಕಡ್ಡಿಯನ್ನು ಅದರ ಆಚೆ ಬದಿಗೆ ತೋರಿಸಿ. ಒಂದು ಕಾಲಿಟ್ಟರೂ ತಿನಿಸು ಕೊಡಿ, ಹಿಂದೆ ಹೋದರೆ ಹೋಗಲು ಬಿಡಿ. ಎದೆಗೆ ಬೆರಳು ಒತ್ತಿ ಹತ್ತಿಸುವ ಪದ್ಧತಿ ಎಲ್ಲೆಡೆ ರೂಢಿಯಲ್ಲಿದೆ, ಆದರೆ ಹೆದರಿದ ಹಕ್ಕಿಗೆ ಅದು ಬಲವಂತವೇ. ಹತ್ತುವಾಗ ಗಿಳಿ ಮೊದಲು ಕೊಕ್ಕು ಚಾಚಿ ಬೆರಳನ್ನು ಹಿಡಿದು ಗಟ್ಟಿ ಇದೆಯೇ ಎಂದು ನೋಡುತ್ತದೆ. ಕೊಕ್ಕು ಅದಕ್ಕೆ ಮೂರನೆಯ ಕಾಲು. ಅದನ್ನು ಕಚ್ಚುವಿಕೆ ಎಂದು ತಿಳಿದು ನೀವು ಕೈ ಎಳೆದುಕೊಂಡರೆ, ಮುಂದಿನ ಸಲ ಅದು ಆ ಅಲುಗಾಡುವ ಕೊಂಬೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ದಪ್ಪ ಕೈಗವಸು ತೊಟ್ಟು ಧೈರ್ಯ ತೋರಿಸುವವರು ಹಕ್ಕಿಯ ಎಚ್ಚರಿಕೆಗಳನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತಾರೆ, ಜೊತೆಗೆ ಆ ಗವಸೇ ಹೊಸ ಭಯವಾಗುತ್ತದೆ.

ಇದಕ್ಕೆಲ್ಲ ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಹಕ್ಕಿಯೇ ನಿರ್ಧರಿಸುತ್ತದೆ. ಎಳೆಯ ಕಾಕಟೀಲ್ ಎರಡು ವಾರಗಳಲ್ಲಿ ಹೆಗಲೇರಬಹುದು. ನಮ್ಮ ಕಾನ್ಯೂರ್ ನನ್ನ ಕೈ ಹತ್ತಿದ್ದು ಐದನೇ ತಿಂಗಳಲ್ಲಿ, ಅದೂ ನಾನು ಬೇರೇನೋ ಕೆಲಸದಲ್ಲಿದ್ದಾಗ, ಕರೆಯದೆ. ಹತ್ತಾರು ವರ್ಷ ಬದುಕುವ ಆಫ್ರಿಕನ್ ಗ್ರೇಗೆ ಹಳೆಯ ನೆನಪುಗಳೂ ಹೆಚ್ಚು. ವರ್ಷ ಹಿಡಿದರೂ ಅಚ್ಚರಿಪಡಬೇಕಿಲ್ಲ.

ಈ ಅಭ್ಯಾಸವನ್ನು ಪಂಜರದ ಹೊರಗೆ ಮಾಡುವ ಮುನ್ನ ಸೀಲಿಂಗ್ ಫ್ಯಾನ್ ನಿಲ್ಲಿಸಿ. ಕಿಟಕಿಗೆ ಜಾಲರಿ ಇರಲಿ, ಒಲೆ ಆರಿರಲಿ, ನೀರು ತುಂಬಿದ ಬಕೆಟ್ ಮುಚ್ಚಿರಲಿ, ಕನ್ನಡಿಗೆ ಪರದೆ ಇರಲಿ. ನಮ್ಮ ಮನೆಗಳಲ್ಲಿ ಬಿಟ್ಟ ಹಕ್ಕಿಗೆ ತಿರುಗುವ ಫ್ಯಾನಿಗಿಂತ ದೊಡ್ಡ ಶತ್ರು ಇಲ್ಲ.

ಲಕ್ಷಣ: ಕೈಮೇಲೆ ಕುಳಿತು ಮುದ್ದು ಮಾಡಿಸಿಕೊಳ್ಳುತ್ತಿದ್ದದ್ದು ತಟ್ಟನೆ ಕಚ್ಚುತ್ತದೆ

‘ತಟ್ಟನೆ’ ಎನ್ನುವುದು ನಮ್ಮ ಲೆಕ್ಕ. ಕಣ್ಣಿನ ಪಾಪೆ ಬೇಗ ಬೇಗ ಕಿರಿದಾಗಿ ಹಿರಿದಾಗುವುದು, ಬಾಲ ಬೀಸಣಿಗೆಯಂತೆ ಅಗಲವಾಗುವುದು, ಕುತ್ತಿಗೆಯ ಪುಕ್ಕ ನಿಮಿರುವುದು, ಕಾಕಟೀಲ್ ಆದರೆ ಜುಟ್ಟನ್ನು ತಲೆಗೆ ಅಂಟಿಸಿ ಬುಸುಗುಟ್ಟುವುದು ಇವೆಲ್ಲ ಮುನ್ಸೂಚನೆಗಳು. ಪಾಪೆಯ ಆಟ ಸಂತೋಷದಲ್ಲೂ ಕಾಣುತ್ತದೆ, ಆದ್ದರಿಂದ ಅದನ್ನೊಂದನ್ನೇ ನಂಬದೆ ಮೈಯ ಬಿಗಿತದ ಜೊತೆ ಸೇರಿಸಿ ಓದಿ. ಉದ್ರೇಕ ಸಂತೋಷದ್ದಾದರೂ ಕೊಕ್ಕಿನ ಮೇಲಿನ ಹಿಡಿತ ತಪ್ಪುತ್ತದೆ. ಆಗ ಕೂರುಗೋಲಿನ ಮೇಲೆ ಇಳಿಸಿ ಕೆಲವು ನಿಮಿಷ ಬಿಡುವುದು ಲೇಸು.

ಎಲ್ಲಿ ಮುಟ್ಟುತ್ತಿದ್ದೀರಿ ಎಂಬುದೂ ಮುಖ್ಯ. ತಲೆ ಮತ್ತು ಕುತ್ತಿಗೆಯನ್ನು ಬಿಟ್ಟು ಬೆನ್ನು, ರೆಕ್ಕೆಯ ಕೆಳಭಾಗ, ಬಾಲದ ಬುಡವನ್ನು ಸವರಿದರೆ ಗಿಳಿಗೆ ಅದು ಜೋಡಿಯ ಕರೆಯಾಗಿ ತೋರುತ್ತದೆ. ಕತ್ತಲೆಯ ಮೂಲೆ, ಗೂಡಿನಂಥ ಡಬ್ಬಿ, ಬಟ್ಟೆಯ ಜೋಲಿ, ತಡರಾತ್ರಿಯವರೆಗಿನ ಬೆಳಕು ಇವೂ ಸಂತಾನದ ಕಾಲದ ಉದ್ರೇಕವನ್ನು ಏರಿಸುತ್ತವೆ. ಅವನ್ನು ತೆಗೆದರೆ ಕೆಲವು ವಾರಗಳಲ್ಲಿ ಹಕ್ಕಿ ತಣ್ಣಗಾಗುತ್ತದೆ. ಈ ಕಾಲದಲ್ಲಿ ಹೆಣ್ಣು ಹಕ್ಕಿ ಪಂಜರದ ತಳದಲ್ಲಿ ಕುಳಿತು ತಿಣುಕುತ್ತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಅದು ಗಂಟೆಗಳ ಲೆಕ್ಕದಲ್ಲಿ ಪ್ರಾಣಕ್ಕೆ ಎರವಾಗುವ ಸ್ಥಿತಿ.

ಲಕ್ಷಣ: ಮನೆಯ ಒಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಕಚ್ಚುತ್ತದೆ

ಆ ಒಬ್ಬರು ಹೆಮ್ಮೆಪಡುವ ಸಂಗತಿಯಲ್ಲ ಇದು. ಇನ್ನು ಕೆಲವು ವಾರ ಮೆಚ್ಚಿನ ತಿನಿಸು, ಸ್ನಾನ, ಕಡ್ಡಿಯ ಅಭ್ಯಾಸ ಎಲ್ಲವೂ ಉಳಿದವರ ಕೈಯಿಂದಲೇ ಸಿಗಲಿ. ಪ್ರಿಯವಾದವರು ಆ ಹೊತ್ತಿನಲ್ಲಿ ಕೋಣೆಯಲ್ಲೇ ಇರಬಾರದು. ಅವರ ಹೆಗಲ ಮೇಲಿರುವಾಗ ಇತರರು ಹತ್ತಿರ ಹೋಗಬಾರದು, ಏಕೆಂದರೆ ಎದುರಾಳಿಯನ್ನು ತಲುಪಲಾಗದ ಹಕ್ಕಿ ತನ್ನವರ ಕಿವಿಯನ್ನೇ ಕಚ್ಚುವುದುಂಟು.

ಲಕ್ಷಣ: ರಾತ್ರಿ ಗಾಬರಿಯಿಂದ ಕಿರುಚಿ ರೆಕ್ಕೆ ಬಡಿಯುತ್ತದೆ

ಕಾಕಟೀಲ್‌ಗಳಲ್ಲಿ ಇದು ಹೆಚ್ಚು. ಗೋಡೆಯ ಹಲ್ಲಿ, ವಾಹನದ ಬೆಳಕು, ದೀಪಾವಳಿಯ ಪಟಾಕಿ ಯಾವುದೂ ಕಾರಣವಾಗಬಹುದು. ತೀರ ಮಂದವಾದ ದೀಪವೊಂದನ್ನು ಇಡಿ, ಮೆಲ್ಲಗೆ ಮಾತಾಡಿ, ಬೆಳಕು ಬಂದ ಮೇಲೆ ಗಾಯವಿದೆಯೇ ನೋಡಿ. ಬೆಳೆಯುತ್ತಿರುವ ಪುಕ್ಕ ಮುರಿದು ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಗೆ ಮೆಕ್ಕೆಜೋಳದ ನಯವಾದ ಪಿಷ್ಟ (ಕಾರ್ನ್‌ಫ್ಲೋರ್) ಹಚ್ಚಿ ಒತ್ತಿ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ನಿಲ್ಲದಿದ್ದರೆ ವೈದ್ಯರ ಬಳಿಗೆ ಒಯ್ಯಿರಿ, ಸಣ್ಣ ಹಕ್ಕಿಯ ಮೈಯಲ್ಲಿ ಕಳೆದುಕೊಳ್ಳುವಷ್ಟು ರಕ್ತವಿರುವುದಿಲ್ಲ.

ಕಚ್ಚಿದ ಕ್ಷಣದಲ್ಲಿ

ಕೂಗಬೇಡಿ, ಕೈ ಕೊಡವಬೇಡಿ, ಕೊಕ್ಕಿಗೆ ತಟ್ಟಬೇಡಿ, ಮುಖಕ್ಕೆ ನೀರು ಚಿಮುಕಿಸಬೇಡಿ. ಹತ್ತಿರದ ಮೇಲ್ಮೈಗೆ ಕೈಯನ್ನು ತಗ್ಗಿಸಿದರೆ ಹಕ್ಕಿ ತಾನಾಗಿ ಇಳಿಯುತ್ತದೆ. ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ರೇಬೀಸ್ ಸಸ್ತನಿಗಳ ರೋಗವಾದ್ದರಿಂದ ಗಿಳಿ ಕಚ್ಚಿದರೆ ಅದರ ಭಯವಿಲ್ಲ, ಆದರೆ ಧನುರ್ವಾಯು ಲಸಿಕೆ ಹಳೆಯದಾಗಿದ್ದರೆ ವೈದ್ಯರನ್ನು ಕೇಳಿ. ಗಾಯ ಆಳವಾಗಿದ್ದರೆ, ಮುಖ ಅಥವಾ ಕಣ್ಣಿನ ಬಳಿ ಇದ್ದರೆ, ಬೆರಳಿನ ಗಂಟು ಊದಿ ಬಿಸಿಯಾದರೆ, ಸಕ್ಕರೆ ಕಾಯಿಲೆ ಇರುವವರಿಗೆ ಕಚ್ಚಿದ್ದರೆ ಅದೇ ದಿನ ತೋರಿಸಿಕೊಳ್ಳಿ. ಎಳೆಯ ಮಕ್ಕಳನ್ನು ಕಚ್ಚುವ ಹಕ್ಕಿಯೊಡನೆ ಒಂಟಿಯಾಗಿ ಬಿಡಲೇಬೇಡಿ. ಮನೆಯವರಿಗೆ ಜ್ವರ, ಒಣಕೆಮ್ಮು, ತಲೆನೋವು ಬಂದಾಗ ಮನೆಯಲ್ಲಿ ಗಿಳಿ ಇದೆ ಎಂಬುದನ್ನು ವೈದ್ಯರಿಗೆ ಹೇಳಬೇಕು. ಗಿಳಿಗಳಿಂದ ಮನುಷ್ಯರಿಗೆ ಹರಡುವ ಸಿಟಕೋಸಿಸ್ ಎಂಬ ಸೋಂಕಿಗೆ ಒಳ್ಳೆಯ ಔಷಧಿ ಇದೆ, ಅದು ನೆನಪಾಗಬೇಕು ಅಷ್ಟೆ.

ತರಬೇತಿ ನಿಲ್ಲಿಸಿ ನೆರವು ಪಡೆಯಬೇಕಾದ ಹೊತ್ತು

ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುವುದು, ಬಾಯಿ ತೆರೆದು ಉಸಿರೆಳೆಯುವುದು, ಹಗಲಿನಲ್ಲಿ ಮೈ ಉಬ್ಬಿಸಿ ಪಂಜರದ ತಳದಲ್ಲಿ ಕೂರುವುದು, ತಿನ್ನುವುದನ್ನು ಬಿಡುವುದು, ನಡುಕ, ವಾಂತಿ ಇವುಗಳಲ್ಲಿ ಒಂದು ಕಂಡರೂ ನಾಳೆಗೆ ಮುಂದೂಡಬೇಡಿ. ಕಾಯಿಸಿದ ನಾನ್‌ಸ್ಟಿಕ್ ಬಾಣಲೆಯ ಹೊಗೆ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಊದುಬತ್ತಿ, ಸೊಳ್ಳೆಬತ್ತಿ, ನುಸಿಗುಳಿಗೆ, ಕರ್ಪೂರ, ಒಗ್ಗರಣೆಯ ಘಾಟು ಅದರ ಶ್ವಾಸಕ್ಕೆ ಹಾನಿ. ಅವಕಾಡೊ, ಚಾಕೊಲೇಟ್, ಕಾಫಿ ಬಾಯಿಗೆ ಹೋಗಿದ್ದರೂ ತಕ್ಷಣ ಹೊರಡಬೇಕು. ನಾಯಿ ಬೆಕ್ಕುಗಳನ್ನು ಮಾತ್ರ ನೋಡುವ ಕ್ಲಿನಿಕ್‌ಗಳೇ ಹೆಚ್ಚಾಗಿರುವುದರಿಂದ, ಹಕ್ಕಿ ಚೆನ್ನಾಗಿರುವಾಗಲೇ ಪಕ್ಷಿವೈದ್ಯರನ್ನು ಹುಡುಕಿ ವಿಳಾಸ ಬರೆದಿಟ್ಟುಕೊಳ್ಳಿ. ಬೆಂಗಳೂರಿನವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ತನ್ನ ಪುಕ್ಕಗಳನ್ನು ತಾನೇ ಕಿತ್ತುಕೊಂಡು ಚರ್ಮ ಗಾಯಮಾಡಿಕೊಳ್ಳುವ ಹಕ್ಕಿಗೂ ಮೊದಲು ವೈದ್ಯಕೀಯ ತಪಾಸಣೆ, ಆಮೇಲೆ ಗಿಳಿಗಳ ನಡವಳಿಕೆ ಬಲ್ಲವರ ಸಲಹೆ ಬೇಕು. ಆರು ತಿಂಗಳ ಪ್ರಾಮಾಣಿಕ ಪ್ರಯತ್ನದ ನಂತರವೂ ಮನೆಯ ಪರಿಸ್ಥಿತಿ ಹಕ್ಕಿಗೆ ಒಗ್ಗದಿದ್ದರೆ, ಇಡೀ ಹಗಲು ಮನೆ ಖಾಲಿ ಇದ್ದರೆ, ಅನುಭವವುಳ್ಳ ಇನ್ನೊಂದು ಮನೆಗೆ ಕೊಡುವುದು ತಪ್ಪಲ್ಲ. ಕಿಟಕಿಯಿಂದ ಹಾರಿಬಿಡುವುದು ಮಾತ್ರ ಬೇಡ. ಇಲ್ಲಿನ ಮರಗಳಲ್ಲಿ ಮೇವು ಹುಡುಕಲು ಅದಕ್ಕೆ ಬಾರದು. 2024ರ ನಿಯಮಗಳ ಪ್ರಕಾರ, ವನ್ಯಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವ ಸನ್ ಕಾನ್ಯೂರ್, ಆಫ್ರಿಕನ್ ಗ್ರೇ ಮುಂತಾದವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಕೈ ಬದಲಾದಾಗ ಅದನ್ನೂ ದಾಖಲಿಸಬೇಕು. ಹೊಸಬರಿಗೆ ಪಂಜರದ ಜೊತೆ ಬಿದಿರು ಕಡ್ಡಿಯನ್ನೂ, ಮೆಚ್ಚಿನ ತಿನಿಸಿನ ಹೆಸರನ್ನೂ, ಅದು ಕರೆಯುವ ಸಿಳ್ಳೆಯನ್ನೂ, ನೀವು ಬರೆದಿಟ್ಟ ನೋಟ್‌ಬುಕ್ಕನ್ನೂ ಕೊಟ್ಟು ಕಳುಹಿಸಿ.